ಮೂರನೇ ಮಹಡಿಯ ಪಾಟಿಗಳು

ನಮ್ಮ ಫ್ರಿಜ್ಜಿನ ಬಾಗಿಲಿಗೆ ಎರಡು ಚಾರ್ಟು ಅಂಟಿಸಿ ಹೋದವಳು ನನ್ನ ಮಗಳು. ಅವಳ ಗಂಡನಿಗೆ ದೌಂಡದಲ್ಲಿ ರೈಲ್ವೆ ನೌಕರಿ. ಅವಳು ಅಲ್ಲಿಯ ಹೆಂಗಸರಿಗೆ ಯೋಗ ಕಲಿಸುತ್ತಾಳೆ. ಕಲಿಸುವ ಚಟ ಒಮ್ಮೆ ಹತ್ತಿದರೆ ಮುಗಿಯಿತು, ತವರುಮನೆಯವರೂ ವಿದ್ಯಾರ್ಥಿಗಳಾಗಿಯೇ ಕಾಣಿಸುತ್ತಾರೆ.

ಒಂದು ಚಾರ್ಟು ನನ್ನದು. ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರು, ಹತ್ತು ನಿಮಿಷ ಉಸಿರಾಟ, ಆಮೇಲೆ ಫೋನು ಮುಟ್ಟದೆ ಒಂದು ಪುಟ ಬರವಣಿಗೆ. ನಾನು ಮಕ್ಕಳ ಕತೆ ಬರೆಯುವವಳು. ಏಳು ತಿಂಗಳಿಂದ ಒಂದು ಸಾಲೂ ಹುಟ್ಟಿರಲಿಲ್ಲ.

"ಮನಸ್ಸು ಶಾಂತ ಆದ್ರ ಕತಿ ತಾನ ಬರ್ತದ ಅಮ್ಮಾ" ಎಂದಳು ಮಗಳು.

"ಐವತ್ತೆರಡು ವರ್ಷದಿಂದ ಬಿಡದ ಉಸಿರಾಡ್ಲಿಕತ್ತೀನಿ, ಎಲ್ಲೆದ ಕತಿ?" ಎಂದೆ. ಅವಳಿಗೆ ಸಿಟ್ಟು ಬಂತು.

ಇನ್ನೊಂದು ಚಾರ್ಟು ನನ್ನ ಅತ್ತೆಯದು. ಬಚ್ಚಲಲ್ಲಿ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮಡಚಲು ಒಲ್ಲೆ ಅಂದವು. ಫಿಜಿಯೋಥೆರಪಿ ಮಾಡಿಸುವಾಕೆ ಒಂದು ರಬ್ಬರಿನ ಚೆಂಡು ಕೊಟ್ಟು, ದಿನಕ್ಕೆ ಮೂರು ಸಲ, ಸಲಕ್ಕೆ ಐವತ್ತರಂತೆ ಹಿಸುಕಬೇಕು, ಅದಕ್ಕೆ ಮೊದಲು ಕೈಯನ್ನು ಬಿಸಿನೀರಿನಲ್ಲಿ ಅದ್ದಬೇಕು ಎಂದು ಹೇಳಿದ್ದಳು. ಆರು ವಾರದ ಗಡುವು. ಅಷ್ಟರಲ್ಲಿ ಬೆರಳು ಎಷ್ಟು ಮಡಚುತ್ತವೋ ಅಷ್ಟೇ, ಮುಂದೆ ಜೀವಮಾನವಿಡೀ ಹಾಗೇ.

ಆ ಕೈ ಸಾಮಾನ್ಯದ್ದಲ್ಲ. ಇಂದಾಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಅತ್ತೆ ನಮ್ಮ ಕಟ್ಟಡದ ಪಾಟಿಗಳನ್ನೆಲ್ಲ ತಾವೇ ಕುಂಚ ಹಿಡಿದು ಮರಾಠಿಯಲ್ಲಿ ಬರೆಯುತ್ತಿದ್ದರು. ಪುಣೆಯಲ್ಲಿ ಪಾಟಿ ಎಂದರೆ ಬರೀ ಸೂಚನೆಯ ಹಲಗೆಯಲ್ಲ, ಓದಿದವನಿಗೆ ಚುರುಕ್ ಎನ್ನಬೇಕು. ಲಿಫ್ಟಿನ ಪಕ್ಕದಲ್ಲಿ ಅವರದೊಂದು ಇತ್ತು: "ಇದರಲ್ಲಿ ನಾಲ್ವರಿಗೆ ಜಾಗ. ನೀವು ಐದನೆಯವರಾದರೆ ಮೆಟ್ಟಿಲು ಹತ್ತಿ, ಹೊಟ್ಟೆಯೂ ಕರಗೀತು." ನಮ್ಮ ಬಾಗಿಲ ಮೇಲೆ: "ಮಧ್ಯಾಹ್ನ ಒಂದರಿಂದ ನಾಲ್ಕು, ಈ ಮನೆಯವರು ಮಲಗಿರುತ್ತಾರೆ. ಬೆಂಕಿ ಬಿದ್ದರೆ ಮಾತ್ರ ಎಬ್ಬಿಸಿ. ಸಣ್ಣ ಬೆಂಕಿಯಾದರೆ ನೀವೇ ಆರಿಸಿಕೊಳ್ಳಿ." ಬೇರೆ ಸೊಸೈಟಿಯವರೂ ಬಂದು ಬರೆಸಿಕೊಂಡು ಹೋಗುತ್ತಿದ್ದರು. ಕೈ ಹೋದರೆ ಅತ್ತೆಗೆ ಇದೆಲ್ಲ ಹೋದಂತೆಯೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಘನಂದಾರಿ ಕೆಲಸ ಕೇಳಿ.

ನಮ್ಮಿಬ್ಬರಲ್ಲಿ ಒಬ್ಬರನ್ನೂ ನಂಬುವ ಹಾಗಿಲ್ಲವೆಂದು ಮಗಳು ಒಂದು ನಿಯಮ ಮಾಡಿದ್ದಳು. ಅತ್ತೆಯ ಚಾರ್ಟಿಗೆ ನಾನು ಟಿಕ್ಕು ಹಾಕಬೇಕು, ನನ್ನದಕ್ಕೆ ಅತ್ತೆ. ಸಂಜೆ ಫೋಟೊ ದೌಂಡಕ್ಕೆ ಹೋಗಬೇಕು. ಇಬ್ಬರು ಕಳ್ಳರನ್ನು ಒಬ್ಬರಿಗೊಬ್ಬರು ಕಾವಲು ಕೂರಿಸಿದರೆ ಏನಾಗುತ್ತದೆಂದು ಯೋಗದ ತರಗತಿಯಲ್ಲಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನ ನಾವು ಪ್ರಾಮಾಣಿಕರಾಗಿಯೇ ಇದ್ದೆವು. ಅತ್ತೆ ಹನ್ನೊಂದು ಸಲ ಚೆಂಡು ಹಿಸುಕಿದರು, ಕಣ್ಣಲ್ಲಿ ನೀರು ಬಂತು. ನಾನು ಎದುರಿಗೇ ಖಾಲಿ ಪುಟ ಇಟ್ಟುಕೊಂಡು ಕುಳಿತಿದ್ದೆ.

"ಸಾಕವಾ, ಜೀವಾ ಹೋಗ್ಲಿಕತ್ತದ" ಎಂದರು. ಆಮೇಲೆ ನನ್ನ ಮುಖ ನೋಡಿ, "ನಿನ್ನ ಮಾರಿನೂ ನೋಡ್ಲಿಕ್ಕಾಗವಲ್ದು. ನನ್ನ ಚೆಂಡು ನೀ ಕೇಳಬ್ಯಾಡ, ನಿನ್ನ ಪುಟ ನಾ ಕೇಳೂದಿಲ್ಲ. ಆತಿಲ್ಲೋ?" ಎಂದರು.

"ಆತ್ರಿ ಅತ್ತಿ" ಎಂದು ನಾನು ಟಿಕ್ಕು ಹಾಕಿದೆ. ಅವರು ಎಡಗೈಯಲ್ಲಿ ಸೊಟ್ಟಗೆ ನನಗೊಂದು ಹಾಕಿದರು.

ಅಲ್ಲಿಂದ ನಾಲ್ಕು ವಾರ ಎಂಥ ನೆಮ್ಮದಿ ಅಂತೀರಿ! ನನ್ನವರು ಆರೂವರೆಗೇ ಕಂಪನಿಯ ಬಸ್ಸು ಹಿಡಿದು ಹೋದರೆ ಮನೆಯಲ್ಲಿ ನಾವಿಬ್ಬರೇ. ಬಿಸಿನೀರಿನ ಹೊತ್ತಿಗೆ ಬಿಸಿ ಚಹಾ. ಉಸಿರಾಟದ ಹೊತ್ತಿಗೆ ಬೇಕರಿಯ ಖಾರಿ ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನುತ್ತ ಕಟ್ಟಡದವರ ಸುದ್ದಿ. ಸಂಜೆ ಸಾಲುಸಾಲು ಟಿಕ್ಕುಗಳ ಫೋಟೊ. ಮಗಳು ವೀಡಿಯೊ ಕಾಲ್ ಮಾಡಿ, "ನೋಡ್ರಿ, ಇಬ್ಬರ ಮುಖದಾಗೂ ಎಂಥಾ ಕಳಿ ಬಂದದ!" ಎಂದು ಹಿಗ್ಗುತ್ತಿದ್ದಳು. ಅದು ಖಾರಿಯ ಬೆಣ್ಣೆಯ ಕಳೆ ಎಂದು ನಾವು ಹೇಳಲಿಲ್ಲ.

ನಾಲ್ಕನೇ ವಾರದ ಕೊನೆಗೆ ಫಿಜಿಯೋಥೆರಪಿಯಾಕೆ ಬಂದಳು. ಚಾರ್ಟು ನೋಡಿ ಖುಷಿಯಾಗಿ, "ಆಜಿ, ಮುಷ್ಟಿ ಕಟ್ಟಿ ನೋಡೋಣ" ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆಯ ಬೆರಳುಗಳು ಅರ್ಧಕ್ಕೆ ನಿಂತುಬಿಟ್ಟವು. ಆಕೆ ಕೈ ನೋಡಿದಳು, ಚಾರ್ಟು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಇನ್ನು ಎರಡು ವಾರ ಇದೆ. ಆಮೇಲೆ ನಾನು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು.

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವರು ನೋವಿಗೆ ಹೆದರಿದ್ದರು, ಸರಿ. ನನಗೇನಾಗಿತ್ತು ಧಾಡಿ? ನನ್ನ ಸೋಮಾರಿತನಕ್ಕೆ ಒಬ್ಬ ಜೊತೆಗಾರ್ತಿ ಸಿಕ್ಕಳೆಂದು ಅವರ ಕೈಯನ್ನೇ ಒತ್ತೆ ಇಟ್ಟಿದ್ದೆ. ಚೆಂಡು ತಂದು ಮುಂದೆ ಹಿಡಿದರೆ ಅತ್ತೆ ಅದನ್ನು ಸೋಫಾದ ಕೆಳಗೆ ಉರುಳಿಸಿ, "ನಾ ಏನ್ ಕ್ರಿಕೆಟ್ ಆಡ್ಲಿಕ್ಕೆ ಹೊಂಟೀನೇನು?" ಎಂದರು.

ಅದೇ ಸಂಜೆ ಸೊಸೈಟಿಯ ಸೆಕ್ರೆಟರಿ ಲಿಫ್ಟಿನ ಬಳಿ ಕಂಪ್ಯೂಟರಿನಲ್ಲಿ ಮುದ್ರಿಸಿದ ಹಾಳೆಯೊಂದನ್ನು ಹಚ್ಚಿದ. "ನೀರು ಉಳಿಸಿ, ದಯವಿಟ್ಟು ಸಹಕರಿಸಿ" ಅಂತ. ಅತ್ತೆ ಅದನ್ನು ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಇನ್ನ ಇದ ಗತಿ" ಎಂದರು, ಮೆಲ್ಲಗೆ.

ಮರುದಿನ ಬೆಳಗ್ಗೆ ಅವರು ಏಳುವ ಮೊದಲೇ ನಾನೊಂದು ಪಾಟಿ ಬರೆದೆ. ನನ್ನ ಮರಾಠಿ ಅಕ್ಷರ ಅಂದರೆ ಕಾಗೆ ಕಾಲು ಗುಬ್ಬಿ ಕಾಲು. "ನೀರು ಬಹಳ ಒಳ್ಳೆಯದು. ಅದನ್ನು ಉಳಿಸುವುದು ಇನ್ನೂ ಒಳ್ಳೆಯದು." ಕೆಳಗೆ ದೊಡ್ಡದಾಗಿ, "ಮೂರನೇ ಮಹಡಿಯ ಆಜಿ." ಇಳಿದು ಹೋಗಿ ಲಿಫ್ಟಿನ ಪಕ್ಕದಲ್ಲಿ ಅಂಟಿಸಿ ಬಂದೆ.

ಸಂಜೆ ಕೆಳಗಿನ ಕಟ್ಟೆಯ ಮೇಲೆ ಕುಳಿತು ಬಂದ ಅತ್ತೆಯ ಮುಖ ಕೆಂಡವಾಗಿತ್ತು.

"ಎಲ್ಲಾರೂ ನನ್ನ ನೋಡಿ ಪಾಪ ಪಾಪ ಅಂತಾರ! ಆಜಿ ಕೈ ಅಷ್ಟ ಅಲ್ಲ, ತಲಿನೂ ಹೋಗೇದ ಅಂತಾರ! ಯಾಕ ಬರದಿ ನನ್ನ ಹೆಸರ್ಲೆ?"

"ನಿಮ್ಮ ಕೈಲೆ ಆಗೂದಿಲ್ಲಲ್ರಿ ಅತ್ತಿ, ಅದಕ್ಕ ನಾ ಬರದೆ. ನಾಳೆ ಇನ್ನೊಂದು ಹಚ್ಚೂದದ."

"ಹಚ್ಚು ನೋಡೋಣು! ಮನಿ ಮಾನ ಕಳೀಲಿಕ್ಕೇ ಬಂದೀ ನೀ!"

ಅತ್ತೆ ಅಲಮಾರಿಯಿಂದ ಕುಂಚ ತೆಗೆದರು. ಹಿಡಿದರೆ ಬಿತ್ತು. ಮತ್ತೆ ಹಿಡಿದರು, ಮತ್ತೆ ಬಿತ್ತು. ಹಳೆಯ ಸೀರೆಯ ಅಂಚು ಹರಿದು, ಕುಂಚದ ಹಿಡಿಗೆ ದಪ್ಪಗೆ ಸುತ್ತಿ, ಹಲ್ಲು ಕಚ್ಚಿ ಹಿಡಿದರು. ಒಂದು ಅಕ್ಷರ ಬರೆಯಲು ಹತ್ತು ನಿಮಿಷ. ಅದೂ ಅಡ್ಡಾದಿಡ್ಡಿ. ಹರಿದು ಎಸೆದರು. ನಾನು ಏನೂ ಕಾಣದವಳಂತೆ ಒಳಗೆ ಸೊಪ್ಪು ಸೋಸುತ್ತ ಕುಳಿತೆ.

ಅಲ್ಲಿಂದ ಯುದ್ಧವೇ ಶುರುವಾಯಿತು. ದಿನಾ ಬೆಳಗ್ಗೆ ನಾನು ಅವರ ಹೆಸರಿನಲ್ಲಿ ಒಂದು ಪೆದ್ದ ಪಾಟಿ ಹಚ್ಚುವುದು, ಅವರು ಅದನ್ನು ಕಿತ್ತು ತಂದು ಹಿಂಬದಿಯಲ್ಲಿ ಸರಿಯಾದದ್ದನ್ನು ಬರೆಯಲು ಒದ್ದಾಡುವುದು. ಕೈ ಸಡಿಲವಾಗಲೆಂದು ನನ್ನ ಪಾಲಿನ ಬಿಸಿನೀರನ್ನು ಅವರೇ ಪಾತ್ರೆಗೆ ಸುರುವಿಕೊಂಡು ಕೈ ಅದ್ದುತ್ತಿದ್ದರು. ಚೆಂಡು ಸೋಫಾದ ಕೆಳಗಿಂದ ಯಾವಾಗ ಹೊರಗೆ ಬಂತೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಅವರ ಕೋಣೆಯಿಂದ "ನಲವತ್ತಾರು, ನಲವತ್ತೇಳು" ಎಂದು ನರಳುವುದು ಕೇಳಿಸಿತು. ಇನ್ನು ನನ್ನ ಉಸಿರಾಟ, ಮೂರು ಮಹಡಿ ಇಳಿದು ಕಳ್ಳತನದಲ್ಲಿ ಪಾಟಿ ಹಚ್ಚಿ ಓಡಿ ಹತ್ತುವುದರಲ್ಲೇ ಬೇಕಾದಷ್ಟು ಆಗುತ್ತಿತ್ತು.

ಪೆದ್ದಪೆದ್ದಾಗಿ ಬರೆಯುವುದೂ ಸುಲಭವಲ್ಲ. ನಾಲ್ಕನೇ ದಿನಕ್ಕೆ ನನ್ನ ಪೆದ್ದತನ ತೀರಿಹೋಯಿತು. ಐದನೇ ದಿನ ಪಾರ್ಕಿಂಗಿನಲ್ಲಿ ಮಲಗುವ ಬೆಕ್ಕಿನ ಪರವಾಗಿ ಒಂದು ಪಾಟಿ ಬರೆಯಲು ಕುಳಿತೆ. ಬೆಕ್ಕು ಸುಮ್ಮನಿರಲಿಲ್ಲ, ಪಾಟಿಯಿಂದಾಚೆ ನಡೆಯಿತು, ಪುಟ ತಿರುಗಿಸಿತು. ಎಂಟಾದರೂ ನಾನು ಬರೆಯುತ್ತಲೇ ಇದ್ದೆ. ಆ ದಿನ ಕೆಳಗೆ ಪಾಟಿ ಹಚ್ಚುವುದೇ ಮರೆತುಹೋಯಿತು.

"ಇವತ್ತ್ಯಾಕ ಹಚ್ಚಿಲ್ಲ?" ಎಂದು ಅತ್ತೆ ಜಗಳಕ್ಕೇ ಬಂದರು.

ಆರನೇ ವಾರ ಮುಗಿದಾಗ ಫಿಜಿಯೋಥೆರಪಿಯಾಕೆ ಮತ್ತೆ ಬಂದಳು. ಅತ್ತೆ ಮುಷ್ಟಿ ಕಟ್ಟಿದರು. ನಾಲ್ಕು ಬೆರಳು ಮಡಚಿದವು. ಕಿರುಬೆರಳು ಮಾತ್ರ ನೆಟ್ಟಗೆ ನಿಂತಿತು. ಆಕೆ ಅದನ್ನು ಹಿಡಿದು ಮೆಲ್ಲಗೆ ಒತ್ತಿ ನೋಡಿ, "ಇದಿನ್ನು ಹೀಗೇ, ಆಜಿ. ಮೊದಲಿನಿಂದ ಮಾಡಿದ್ದರೆ..." ಎಂದು ಮಾತು ನಿಲ್ಲಿಸಿದಳು.

ಆಕೆ ಹೋದ ಮೇಲೆ ನಾನು ಅತ್ತುಬಿಟ್ಟೆ. "ಆ ಬೆರಳು ನನ್ನ ಸುಳ್ಳು ಟಿಕ್ಕಿನ ಪಾಲ್ರಿ ಅತ್ತಿ" ಎಂದೆ. ದೌಂಡಕ್ಕೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಮಗಳು ಎರಡು ದಿನ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ.

ಅತ್ತೆ ಮಾತ್ರ, "ಸುಮ್ನಿರ ಹುಚ್ಚಿ. ಅದು ಮೊದ್ಲಿಂದ ಕೆಲಸಗಳ್ಳ ಬೆರಳು" ಎಂದು, ಚಹಾ ಇಡಲು ಹೇಳಿದರು.

ಮರುದಿನ ಬೆಳಗ್ಗೆ ಹಾಲು ತರಲು ಬಾಗಿಲು ತೆರೆದರೆ ಹೊರಗೆ ಹೊಸ ಪಾಟಿ. ಅಕ್ಷರಗಳು ಸ್ವಲ್ಪ ಬಲಕ್ಕೆ ವಾಲಿದ್ದವು, ಆದರೆ ಅವು ಅತ್ತೆಯ ಅಕ್ಷರಗಳೇ. "ಬೆಳಗ್ಗೆ ಏಳರಿಂದ ಎಂಟು, ಈ ಮನೆಯ ಸೊಸೆ ಬರೆಯುತ್ತಿರುತ್ತಾಳೆ. ಬೆಲ್ ಒತ್ತಿದವರು ಕತೆಯಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ನಮ್ಮನ್ನು ಕೇಳಬೇಡಿ."

ಈಗ ಏಳಕ್ಕೆ ನಾವಿಬ್ಬರೂ ಊಟದ ಮೇಜಿನ ಆಚೀಚೆ ಕೂರುತ್ತೇವೆ, ಅವರು ಕುಂಚ ಹಿಡಿದು, ನಾನು ಪೆನ್ನು ಹಿಡಿದು. ಚಾರ್ಟು ತೆಗೆದುಹಾಕಿದ್ದೇವೆ. ನನಗೆ ಕಳ್ಳಾಟ ಮಾಡುವ ಆಸೆ ಹುಟ್ಟುವುದಿಲ್ಲವೆಂದಲ್ಲ. ಆದರೆ ತಲೆ ಎತ್ತಿದರೆ ಎದುರಿಗೆ ಅತ್ತೆ ಬರೆಯುತ್ತಿರುತ್ತಾರೆ, ಆ ಮಡಚದ ಕಿರುಬೆರಳು ನೇರವಾಗಿ ನನ್ನನ್ನೇ ತೋರಿಸುತ್ತಿರುತ್ತದೆ. ನಾನು ತಲೆ ತಗ್ಗಿಸಿ ಮುಂದಿನ ಸಾಲು ಬರೆಯುತ್ತೇನೆ.