ಟಾರ್ಪಾಲಿನೊಳಗೆ ಬಿದ್ದ ಮಳೆ

ಹಂಗಳದ ಮರಿಮಲ್ಲಪ್ಪನವರ ಕಣದಲ್ಲಿ ಬೇಯಿಸಿದ ಅರಿಸಿನ ಒಣಗಿಸುವುದು ಮರಿತಾಯಮ್ಮನ ಕೆಲಸ. ಬೆಳಿಗ್ಗೆ ಹರವಬೇಕು, ಬಿಸಿಲೇರಿದಾಗ ಕಾಲಿನಿಂದ ಕೆದಕಬೇಕು, ಸಂಜೆ ಗುಡ್ಡೆ ಎಳೆಯಬೇಕು. ಮದುವೆಯಾಗಿ ಬಂದಾಗಿನಿಂದ ಇದೇ ಪಾಡು. ಸೊಂಟ ಯಾವತ್ತೋ ಕೈಕೊಟ್ಟಿತ್ತು. ಕೇಳುವವರು ಯಾರು?

ತೊಂಬತ್ತಾರನೇ ಇಸವಿಯ ಮಾರ್ಚಿನಲ್ಲಿ ಅವಳ ಜೀವವೆಲ್ಲ ಹರವೆಯಲ್ಲಿತ್ತು. ಅಲ್ಲಿ ಮಗಳು ಮೀನಾಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಿತ್ತು; ಇದು ಗಂಡನ ಮನೆಯಲ್ಲಿ, ಅದೂ ಅತ್ತೆ ಇಲ್ಲದ ಮನೆ. "ನೋವು ಬಂದಾಗ ನೀ ಪಕ್ಕದಲ್ಲಿರ್ಬೇಕು ಕಣವ್ವ" ಎಂದು ಹೇಳಿ ಕಳಿಸಿದ್ದಳು.

"ಅರಿಸ್ನ ಇನ್ನೊಂದು ಬಿಸ್ಲು ಕಾಣ್ಲಿ, ಮೂಟೆ ಕಟ್ಬುಟ್ಟು ಹೊರಡಮ್ಮ" ಎಂದರು ಮರಿಮಲ್ಲಪ್ಪ. ನ್ಯಾಯವಾದ ಮಾತೇ.

ಅವತ್ತು ಮಧ್ಯಾಹ್ನ ಮೋಡ ಎದ್ದಿತು. ಮೋಡವೇನು ಯಾರೋ ಕಳಿಸಿದ್ದಲ್ಲ. ಕಾದ ನೆಲದ ತೇವದ ಗಾಳಿ ಹಗುರವಾಗಿ ಮೇಲೇರುತ್ತದೆ. ಅಲ್ಲಿನ ಚಳಿಗೆ ಆವಿಯು ದೂಳಿನ ಚೂರುಗಳಿಗೆ ಅಂಟಿ ಸಣ್ಣ ಹನಿಯಾಗುತ್ತದೆ. ಹನಿಗೆ ಹನಿ ಕೂಡಿ, ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಎಲ್ಲಿ ಬೀಳುತ್ತದೋ ಅದರ ಮರ್ಜಿ.

ಮುಂಚೆಯಾದರೆ ಗುಡ್ಡೆಗೆ ಹುಲ್ಲು ಹೊದಿಸುತ್ತಿದ್ದರು. ಆ ವರ್ಷ ಮರಿಮಲ್ಲಪ್ಪ ಚಾಮರಾಜನಗರದಿಂದ ಹೊಸ ಪ್ಲಾಸ್ಟಿಕ್ ಟಾರ್ಪಾಲು ತಂದಿದ್ದರು. ಮರಿತಾಯಮ್ಮ ಇನ್ನೂ ಬಿಸಿಯಿದ್ದ ಅರಿಸಿನವನ್ನು ಅವಸರದಲ್ಲಿ ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಹೇರಿ, ಸಂದಿಗಳಿಗೆಲ್ಲ ಮಣ್ಣು ಮೆತ್ತಿದಳು. ಕೂಸಿಗೆ ಕುಲಾವಿ ಕಟ್ಟುವಷ್ಟು ಜೋಪಾನ.

ಮೋಡ ಗುಡುಗಿತು, ಗತ್ತು ತೋರಿಸಿತು, ಬಂಡೀಪುರದ ಕಡೆ ಹೊರಟುಹೋಯಿತು. ಒಂದು ಹನಿ ಬೀಳಲಿಲ್ಲ. ಗೆದ್ದೆ ಅಂದುಕೊಂಡಳು, ಪಾಪ.

ಬೆಳಿಗ್ಗೆ ಎತ್ತಿ ನೋಡಿದರೆ ಟಾರ್ಪಾಲಿನ ಒಳಮೈಯೆಲ್ಲ ನೀರು. ಅರಿಸಿನದಿಂದ ಎದ್ದ ಆವಿ, ರಾತ್ರಿ ತಣ್ಣಗಾದ ಹಾಳೆಗೆ ತಗಲಿ, ಹನಿಗಟ್ಟಿ, ಒಳಗೇ ಸುರಿದಿತ್ತು. ಹುಲ್ಲಾಗಿದ್ದರೆ ಆವಿ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಒಣಗಿದ್ದ ಅರಿಸಿನದ ಕೊಂಬುಗಳು ಮತ್ತೆ ಮೆತ್ತಗಾಗಿದ್ದವು.

"ಹೊರ್ಗ್ ಬೀಳ್ದಿದ್ ಮಳ ಒಳ್ಗೇ ಬಿದ್ಬುಡ್ತಲ್ಲ ಬುದ್ಧಿ!" ಎಂದು ತಲೆಯ ಮೇಲೆ ಕೈಹೊತ್ತು ಕೂತಳು.

ಮರಿಮಲ್ಲಪ್ಪ ಬೈಯಲಿಲ್ಲ. "ನಂಗೂ ಗೊತ್ತಿರ್ನಿಲ್ಲ ಬುಡಮ್ಮ. ನೀ ಓಗು, ಬೇರೆ ಯಾರ್ನಾರ ಕರೀತೀನಿ" ಎಂದರು.

ಅವಳು ಹೋಗಲಿಲ್ಲ. ತನ್ನ ಕೈಯಿಂದ ಕೆಟ್ಟದ್ದನ್ನು ಇನ್ನೊಬ್ಬರ ಸೊಂಟಕ್ಕೆ ಹಾಕಲು ಮನಸ್ಸು ಒಪ್ಪಲಿಲ್ಲ. ಈ ಹಾಳು ಮರ್ಯಾದೆಯೇ ಅವಳನ್ನು ತಿಂದದ್ದು. ಮತ್ತೆ ಹರವಿದಳು, ಮತ್ತೆ ಕೆದಕಿದಳು. ಕೊಂಬು ಮುರಿದರೆ ಟಕ್ಕೆನ್ನುವವರೆಗೂ ಮೂಟೆ ಕಟ್ಟಲಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹರವೆ ಮುಟ್ಟಿದಾಗ ಬಾಗಿಲಲ್ಲೇ ಎಳೆಕೂಸಿನ ಅಳು ಕೇಳಿಸಿತು. ಹೆರಿಗೆ ಹಿಂದಿನ ದಿನವೇ ಆಗಿತ್ತು. ಪಕ್ಕದ ಮನೆಯವರು ನೋಡಿಕೊಂಡಿದ್ದರು. ಮರಿತಾಯಮ್ಮನಿಗೆ ಹೊಸ್ತಿಲು ದಾಟಲಾಗಲಿಲ್ಲ.

"ಬರಕಾಗ್ನಿಲ್ಲ ಕಣವ್ವ" ಎಂದು, ಬೈಸಿಕೊಳ್ಳಲು ತಯಾರಾಗಿ ಅಲ್ಲೇ ನಿಂತಳು.

ಮೀನಾ ತಾಯಿಯ ಮುಖವನ್ನೇ ನೋಡಿದಳು. ಕೂಸನ್ನು ಆ ಮಗ್ಗುಲಿಗೆ ಎಳೆದುಕೊಂಡು ಚಾಪೆಯಲ್ಲಿ ಜಾಗ ಬಿಟ್ಟಳು.

"ಬಯ್ಯಕ್ಕೆ ನಂಗೂ ಶಕ್ತಿ ಇಲ್ಲ. ಬಾ, ಮೊದ್ಲು ನೀ ಮಲಿಕೊ."

ಬಾಣಂತನ ಮಾಡಲು ಬಂದವಳು ಬಾಣಂತಿಯ ಪಕ್ಕ ಮಲಗಿ, ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ. ಮೀನಾ ಏಳಿಸಲೂ ಇಲ್ಲ.