ಗಂಡನ ಮೂಗಾದ ಲಿಯೋನಾ

ಕಾಫಿ ಸೀಮೆಯ ಆನೇಮಹಲ್‌ನಲ್ಲಿ ನಮ್ಮ ಪಕ್ಕದ ಮನೆಯ ಲಿಯೋನಾ, ಗಂಡ ಟ್ರೆವರ್ ಜೊತೆ ಮೂರೇ ವರ್ಷಕ್ಕೆಂದು ಹೇಳಿ ಮೆಕ್ಸಿಕೋ ಸಿಟಿಗೆ ಹೋದಳು. ಅದು ಕೊರೊನಾ ಬರುವ ಹಿಂದಿನ ವರ್ಷ. ಅವಳು ವಾಪಸ್ಸು ಬರುವುದನ್ನು ಕಾದವರಲ್ಲಿ ನಾನೇ ಮೊದಲಿನವಳು.

ಟ್ರೆವರ್ ಕಾಫಿ ರುಚಿ ನೋಡುವವನು. ಬಿಸಿ ಕಾಫಿಯನ್ನು ಚಮಚದಲ್ಲಿ ಸೊರ್ರನೆ ಹೀರಿ, ಬಾಯೊಳಗೆ ಆಡಿಸಿ, ಉಗಿದು, ಬೀಜ ಎಂಥದೆಂದು ಹೇಳುವುದೇ ಅವನ ಕೆಲಸ. "ಉಗಿಯಕ್ಕೂ ಸಂಬಳ ಕೊಡ್ತಾರಲ್ಲ ಮಾರಾಯ" ಎಂದು ನಮ್ಮ ಯಜಮಾನರು ಛೇಡಿಸುತ್ತಿದ್ದರು. ಆದರೆ ಹೆಗ್ಗದ್ದೆಯ ಎಸ್ಟೇಟಿನವರಿಂದ ಹಿಡಿದು ಕೆ. ಹೊಸಕೋಟೆಯ ಸಣ್ಣ ಬೆಳೆಗಾರರವರೆಗೆ ಎಲ್ಲರೂ ಒಂದು ಹಿಡಿ ಬೀಜ ತಂದು ಅವನ ಜಗುಲಿಯಲ್ಲಿ ಕಾಯುತ್ತಿದ್ದರು. ಅವನು ಮೂಸಿ "ಒಣಗಿಸಿದ್ದು ಸಾಲ್ದು" ಎಂದರೆ ಮುಗಿಯಿತು, ಎದುರು ಮಾತಿಲ್ಲ. ಅವನಿಗೆ ಅದರ ಜಂಬವೂ ಇತ್ತು. ಮೆಕ್ಸಿಕೋದ ಕಂಪನಿಯೊಂದು ಕರೆದಾಗ ಕಾಲು ನೆಲದ ಮೇಲೆ ನಿಲ್ಲದೆ ಹೊರಟ.

ಅಲ್ಲಿ ಐದನೇ ಮಹಡಿಯ ಮನೆ. ಟ್ರೆವರ್‌ಗೆ ಕೆಲಸವಿತ್ತು, ಲಿಯೋನಾಗೆ ಕಿಟಕಿ ಇತ್ತು. "ನೋಡಕ್ಕೆ ನಮ್ಮೋರ ಥರಾನೇ ಅವ್ರೆ ಅಕ್ಕ. ನನ್ನೂ ತಮ್ಮೋಳು ಅಂದ್ಕೊಂಡು ಪಟಪಟ ಮಾತಾಡ್ತಾರೆ. ನಂಗೆ ಅವ್ರ ಭಾಷೆ ಬರಲ್ಲ ಅಂತ ಗೊತ್ತಾದ್ ಕೂಡ್ಲೆ ಮುಖ ಸಪ್ಪಗ್ ಮಾಡ್ಕೋತಾರೆ" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಚರ್ಚಿಗೆ ಹೋದರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದಷ್ಟೇ ತಿಳಿಯುತ್ತಿತ್ತಂತೆ. ಮೂರು ವರ್ಷ ಹಲ್ಲು ಕಚ್ಚಿಕೊಂಡಿರುತ್ತೇನೆ ಎನ್ನುತ್ತಿದ್ದಳು.

ಅಷ್ಟರಲ್ಲಿ ಆ ಹಾಳು ಜ್ವರ ಬಂತು. ಇಬ್ಬರಿಗೂ ಬಂತು, ಇಬ್ಬರೂ ಎದ್ದರು. ಟ್ರೆವರ್‌ನ ಮೂಗು ಮಾತ್ರ ಏಳಲಿಲ್ಲ. ಮಲ್ಲಿಗೆ, ಮೀನು, ಸುಟ್ಟ ಅನ್ನ, ಯಾವುದರ ವಾಸನೆಯೂ ಇಲ್ಲ. ಡಾಕ್ಟರು ಕಾಯಿರಿ ಎಂದರು. ಅವನು ಆಫೀಸಿನಲ್ಲಿ ಬಾಯಿ ಬಿಡಲಿಲ್ಲ. ಮಾರನೇ ದಿನ ನೋಡಬೇಕಾದ ಬೀಜವನ್ನು ಸಂಜೆಯೇ ಒಂದೊಂದು ಹಿಡಿ ಮನೆಗೆ ತರುತ್ತಿದ್ದ. ಲಿಯೋನಾ ಪುಡಿ ಮಾಡಿ, ಬಿಸಿನೀರು ಹಾಕಿ, ಮೂಸಿ, ಕುಡಿದು, ಹೇಗಿದೆಯೆಂದು ಹೇಳುತ್ತಿದ್ದಳು. ಬೆಳಗ್ಗೆ ಅವನು ಎಲ್ಲರೆದುರು ಸೊರ್ರನೆ ಹೀರಿ ಅವಳ ಮಾತನ್ನೇ ಒಪ್ಪಿಸುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತೆಂದರೆ ಅವಳ ನಾಲಿಗೆ ಎಂಥದಿರಬೇಕು! ಮೂರು ವರ್ಷ ಮುಗಿದರೂ ಬರುವಂತಿರಲಿಲ್ಲ. ಮೂಗು ಬಂದಮೇಲೆ ಊರಿಗೆ ಎಂದು ಅವನು, ಆಯಿತು ಎಂದು ಇವಳು.

ಒಂದು ಸಂಜೆ ತಂದ ಬೀಜದ ವಾಸನೆಗೆ ಲಿಯೋನಾ ನಿಂತಲ್ಲೇ ಅತ್ತಳಂತೆ. ಅವಳು ಮಂಗಳೂರಿನ ಹುಡುಗಿ. ಅಲ್ಲಿಯ ಗೋದಾಮುಗಳಲ್ಲಿ ಮಳೆಗಾಲದ ಹಸಿ ಗಾಳಿಗೆ ಕಾಫಿ ಬೀಜ ಹರವಿ, ಉಬ್ಬಿ ಬಿಳಿಚುವವರೆಗೆ ಬಿಡುತ್ತಾರೆ. ಮಾನ್ಸೂನ್ ಕಾಫಿ ಎನ್ನುತ್ತಾರೆ. ಅದರ ಮುಗ್ಗಲು ವಾಸನೆಯೇ ಬೇಕೆನ್ನುವವರಿದ್ದಾರೆ. ಅವಳ ಅಪ್ಪ ಅಲೋಶಿಯಸ್ ಆ ಕೆಲಸದಲ್ಲೇ ಮುದುಕರಾದವರು. ಸಂಜೆ ಮನೆಗೆ ಬಂದರೆ ಅಂಗಿಯೆಲ್ಲ ಅದೇ ವಾಸನೆ. "ಇದರಷ್ಟು ಒಳ್ಳೇದು ಈ ಊರಲ್ಲಿ ನಾನು ಕುಡಿದೇ ಇಲ್ಲ" ಎಂದು ಗಂಡನಿಗೆ ಹೇಳಿದಳು.

ಮೆಕ್ಸಿಕೋದಲ್ಲಿ ಅಂಥ ಕಾಫಿ ಯಾರೂ ಮಾಡುವುದಿಲ್ಲ. ಅದು ನೆನೆದ ಮೂಟೆಯಲ್ಲಿ ಬೂಷ್ಟು ಹಿಡಿದ ಬೀಜ. ಮಾರನೇ ದಿನ ಉಳಿದವರೆಲ್ಲ ಹೀರಿದೊಡನೆ ಮುಖ ಕಿವಿಚಿ ಉಗಿದರೆ, ಟ್ರೆವರ್ ಒಬ್ಬನೇ ಎದೆಯುಬ್ಬಿಸಿ ಹೊಗಳಿದ. ಎಲ್ಲರೂ ಅವನನ್ನೇ ನೋಡಿದರು. ಅವನು ಇನ್ನೂ ಜೋರಾಗಿ ಹೊಗಳಿದ. ಮೂಗಿನ ಗುಟ್ಟು ಅಂದೇ ಬಯಲಾಯಿತು.

ಕೆಲಸದಿಂದ ತೆಗೆಯಲಿಲ್ಲ, ಗೋದಾಮಿನಲ್ಲಿ ಮೂಟೆ ತೂಗಿಸಲು ಹಾಕಿದರು. ಅವನು ಲಿಯೋನಾ ಮೇಲೆ ರೇಗಲೂ ಇಲ್ಲ. ರೇಗಿದ್ದರೆ ಚೆನ್ನಾಗಿತ್ತು. ಊರಿಗೆ ಹೋಗೋಣವೆಂದು ಅವಳು ಕೇಳಿದ್ದಕ್ಕೆ, "ಅಲ್ಲಿ ಇರೋರೆಲ್ಲ ಕಾಫಿಯೋರೇ. ಒಂದು ಹಿಡಿ ಬೀಜ ಮುಂದೆ ಹಿಡಿದರೆ ಏನು ಹೇಳ್ಲಿ?" ಎಂದನಂತೆ. ಅದು ನಿಜವೂ ಹೌದು. ನಮ್ಮ ಜನ ಅಯ್ಯೋ ಪಾಪ ಎಂದುಕೊಂಡೇ ಜೀವ ತಿನ್ನುವವರು. ತವರಿನ ವಾಸನೆಗೆ ಮರುಳಾಗಿ ಊರಿನ ದಾರಿಯನ್ನೇ ಮುಚ್ಚಿಕೊಂಡಳಲ್ಲ!

ಹೋದ ತಿಂಗಳು ಫೋನ್ ಮಾಡಿ, "ಸುಚಿತ್ರಕ್ಕ, ನಮ್ಮನೇನ ಯಾರಿಗಾದ್ರೂ ಬಾಡಿಗೆಗೆ ಕೊಟ್ಬುಡಿ" ಎಂದಳು.

ನನಗೆ ಸಿಟ್ಟು ಬಂತು. "ಅವ್ನು ಬರಲ್ಲ ಅಂದ್ರೆ ಅಲ್ಲೇ ಇರ್ಲಿ ಬಿಡೇ. ನೀನು ಬಾ. ಇಲ್ಲಿ ಮನೆ ಐತೆ, ನಾವಿದೀವಿ."



"ಮೊನ್ನೆ ಮಾರ್ಕೆಟ್ಟಿಂದ ಬಂದು ಬಾಗ್ಲು ತೆಗೀತೀನಿ ಅಕ್ಕ, ಮನೆ ತುಂಬ ಗ್ಯಾಸು. ಹಾಲು ಉಕ್ಕಿ ಒಲೆ ಆರೋಗ್ಬುಟ್ಟೈತೆ. ಅವ್ರು ಪಕ್ಕದಲ್ಲೇ ಕೂತ್ಕೊಂಡು ಟಿವಿ ನೋಡ್ತಾವ್ರೆ. ಗೊತ್ತೇ ಆಗಿಲ್ಲ ಅವ್ರಿಗೆ. ಬಿಟ್ಟು ಹೆಂಗ್ ಬರ್ಲಿ, ನೀವೇ ಹೇಳಿ."

ಮಾರನೇ ದಿನ ಬಾಡಿಗೆಗೆ ಮನೆ ಇದೆಯೆಂದು ನಾಲ್ಕು ಕಡೆ ಹೇಳಿಬಂದೆ.