ಇದಕ್ಕೆ ಕಾಯ್ಬೇಕು

ಸೋಲಾಂಜ್ ಮೊರಿಝೋ ವೈನ್ ಉಗುಳಿ ಸಂಸಾರ ಸಾಗಿಸಿದವಳು. ಬೋನ್ ಊರಿನಲ್ಲಿ ಹಾಗೆಂದರೆ ಯಾರೂ ನಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಒಂಬತ್ತು ಸೀಟಿನ ವ್ಯಾನಿನಲ್ಲಿ ಪರದೇಶದವರನ್ನು ಕೂರಿಸಿಕೊಂಡು ಬರ್ಗಂಡಿಯ ದ್ರಾಕ್ಷಿತೋಟಗಳ ನಡುವೆ ಐದೈದು ದಿನ ತಿರುಗಿಸುತ್ತಾಳೆ. ಮಧ್ಯಾಹ್ನದೊಳಗೆ ಎರಡು ನೆಲಮಾಳಿಗೆ, ಆಮೇಲೆ ಮೂರು ಗಂಟೆ ಹಿಡಿಯುವ ಊಟ, ಊಟವಾದ ಮೇಲೆ ಇನ್ನೊಂದು ನೆಲಮಾಳಿಗೆ. ಬಂದವರು ಕುಡಿಯುತ್ತಾರೆ. ಇವಳು ಪ್ರತಿಯೊಂದನ್ನೂ ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಬಕೆಟ್ಟಿಗೆ ಉಗುಳಿ, ನಾಲ್ಕು ಮಾತು ಹೇಳಿ, ಮತ್ತೆ ಸ್ಟಿಯರಿಂಗ್ ಹಿಡಿಯುತ್ತಾಳೆ. ಒಂದು ಮೊಳ ದೂರದಿಂದ ಒಂದು ಹನಿಯೂ ಸಿಡಿಯದಂತೆ ಉಗುಳುವುದರಲ್ಲಿ ಆ ಸೀಮೆಯಲ್ಲೇ ಅವಳನ್ನು ಮೀರಿಸಿದವರಿಲ್ಲ. ಗಂಡ ಬದುಕಿದ್ದಾಗ, "ನನ್ನ ಹೆಂಡ್ತಿ ನುಂಗೋದು ಭಾನುವಾರ ಮಾತ್ರ, ಅದೂ ನನ್ನ ಗ್ಲಾಸಿಂದ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಈ ವಿದ್ಯೆ ಅವಳಿಗೆ ಕಲಿಸಿದವನು ಬ್ಲೇಜ್ ಗಾರೋ. ಬೋನ್‌ನಿಂದ ಕಾಲು ಗಂಟೆ ದೂರದ ಮೊಂತ್ರೆ ಎಂಬ ಹಳ್ಳಿಯಲ್ಲಿ ಅವನ ತೋಟ. ಹದಿನಾಲ್ಕನೆಯ ವಯಸ್ಸಿಗೆ ಸೋಲಾಂಜ್ ಅಲ್ಲಿ ಹಣ್ಣು ಕೊಯ್ಯುವ ಕೂಲಿಗೆ ಹೋಗಿದ್ದಳು. ಮಧ್ಯಾಹ್ನ ಕೂಲಿಯವರಿಗೆ ಹೂಜಿಯಲ್ಲಿ ವೈನ್ ಕೊಟ್ಟರು. ಎಲ್ಲರೂ ಯಜಮಾನನ ಮುಖ ನೋಡಿ ಆಹಾ ಅಂದರು. ಇವಳು ಮೂಸಿ ನೋಡಿ, "ಇದು ನೆಂದ ನಾಯಿ ವಾಸನೆ ಹೊಡೀತಿದೆ" ಅಂದಳು. ಅವಳಮ್ಮ ಅಲ್ಲೇ ತಲೆಗೆ ಮೊಟಕಿದಳು. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದುಬಂದು ಎದೆಗೆ ಒದ್ದರು ಅನ್ನುವುದು ಎಲ್ಲ ದೇಶದಲ್ಲೂ ನಡೆಯುವ ಮಾತೇ. ಬ್ಲೇಜ್ ಮಾತ್ರ ಹೂಜಿ ತೆಗೆದುಕೊಂಡು ತಾನೂ ಮೂಸಿ, ವೈನನ್ನು ಮಣ್ಣಿಗೆ ಸುರಿದು, ಆ ಹುಡುಗಿಯನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದ.

"ಮೂಗು ಸುಳ್ಳು ಹೇಳಲ್ಲ ಪುಟ್ಟಿ, ಬಾಯಿ ಹೇಳುತ್ತೆ. ಎರಡನ್ನೂ ಬೇರೆ ಬೇರೆ ಇಟ್ಕೊಳ್ಳೋದು ಕಲಿ" ಅಂದಿದ್ದ.

ಈಗ ಅವಳಿಗೆ ಐವತ್ತೆಂಟು. ಅವನಿಗೆ ಎಪ್ಪತ್ತಮೂರು. ಅವನಿಗೆ ಅವಳು ಇನ್ನೂ ಪುಟ್ಟಿ, ಅವಳಿಗೆ ಅವನು ಇನ್ನೂ ಯಜಮಾನ್ರು. ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅವಳ ವ್ಯಾನು ಗಾರೋ ಮನೆಯ ಗೇಟಿನ ಮುಂದೆ ನಿಲ್ಲುವುದು ಇಪ್ಪತ್ತೆರಡು ವರ್ಷದ ವಾಡಿಕೆ.

ಆ ಸೀಮೆಯ ಒಂದು ಮರ್ಯಾದೆಯ ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ಒಬ್ಬನ ನೆಲಮಾಳಿಗೆಯಲ್ಲಿ ನಿಂತು, ಅವನೇ ಸುರಿದುಕೊಟ್ಟ ವೈನನ್ನು ಯಾರೂ ಕೆಟ್ಟದು ಅನ್ನುವುದಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡವಳಿಗೆ ನಿನ್ನ ಮಗು ಕುರೂಪಿ ಅನ್ನುವವರುಂಟೇ? ಅದಕ್ಕೇ ಒಂದು ಮಾತಿದೆ: "ಇದಕ್ಕೆ ಕಾಯ್ಬೇಕು." ಒಳ್ಳೆಯ ವೈನಿನ ಬಗ್ಗೆ, ಮಾಡಿದವನ ಮುಖ ನೋಡಿ ಹೇಳಿದರೆ, ಇನ್ನು ಕೆಲವು ವರ್ಷ ಇಡು, ಬಂಗಾರವಾಗುತ್ತೆ ಎಂದು ಅರ್ಥ. ಕೆಟ್ಟ ವೈನಿನ ಬಗ್ಗೆ, ಪೀಪಾಯಿಯನ್ನೋ ಗೋಡೆಯನ್ನೋ ನೋಡುತ್ತಾ ಹೇಳಿದರೆ, ಚರಂಡಿಗೆ ಸುರಿ ಎಂದು ಅರ್ಥ. ಈ ವ್ಯತ್ಯಾಸ ಅಲ್ಲಿ ಹತ್ತು ವರ್ಷದ ಮಕ್ಕಳಿಗೂ ಗೊತ್ತು. ಬ್ಲೇಜ್ ತಾನೇ ಜೀವಮಾನದಲ್ಲಿ ಎಷ್ಟೋ ಗೋಡೆಗಳನ್ನು ನೋಡಿಕೊಂಡು ಆ ಮಾತು ಆಡಿದ್ದಾನೆ.

ಎರಡು ವರ್ಷದ ಹಿಂದೆ, ಅಕ್ಟೋಬರಿನ ಒಂದು ಮಂಗಳವಾರ, ಸೋಲಾಂಜ್ ಗಾರೋ ನೆಲಮಾಳಿಗೆಯಲ್ಲಿ ಗ್ಲಾಸು ಮೂಗಿಗೆ ಹಿಡಿದಳು. ಹಣ್ಣಿನ ಪರಿಮಳದ ಜಾಗದಲ್ಲಿ ನೆನೆದು ಮುಗ್ಗಿದ ರಟ್ಟಿನ ವಾಸನೆ. ಬೂಚು ಕೆಟ್ಟಿರಬೇಕು ಅಂದುಕೊಂಡಳು. ಅದು ಯಾರ ಬಾಟಲಿಗಾದರೂ ಆಗುವಂಥದ್ದು. ಇನ್ನೊಂದು ಬಾಟಲಿ ತೆಗೆಸಿದಳು. ಅದೂ ಹಾಗೇ. ಬ್ಲೇಜ್ ಉತ್ಸಾಹದಿಂದ ಪೀಪಾಯಿಯಿಂದಲೇ ಹೀರಿ ತೆಗೆದು ಕೊಟ್ಟ. ಪೀಪಾಯಿಗೆ ಬೂಚಿನ ಮಾತೇ ಇಲ್ಲ, ವಾಸನೆ ಮಾತ್ರ ಅದೇ. ಅವಳು ತಲೆಯೆತ್ತಿ ನೋಡಿದಳು. ಅದಕ್ಕೂ ಎರಡು ವರ್ಷ ಮೊದಲು ಬ್ಲೇಜ್ ಯಾವುದೋ ಕೆಡವಿದ ಕಣಜದ ಹಳೇ ತೊಲೆಗಳನ್ನು ಅಗ್ಗಕ್ಕೆ ತಂದು ಬಾಟಲಿ ಜೋಡಿಸುವ ಅಟ್ಟಣೆ ಕಟ್ಟಿದ್ದ. ಹುಳು ಹಿಡಿಯದಂತೆ ಹಿಂದಿನವರು ಅವಕ್ಕೆ ಏನೋ ಔಷಧಿ ಹೊಡೆದಿದ್ದಿರಬೇಕು. ಅದರ ಮುಗ್ಗಲು ಆ ಗಾಳಿಯಿಲ್ಲದ ಜಾಗದಲ್ಲಿ ಎಲ್ಲಕ್ಕೂ ಹತ್ತಿಕೊಂಡಿತ್ತು.

ಬ್ಲೇಜ್‌ಗೆ ಗೊತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವನ ಕಷ್ಟ ಅದಕ್ಕಿಂತ ದೊಡ್ಡದು. ಬೆಳಗಿನಿಂದ ಸಂಜೆವರೆಗೆ ಅದೇ ಗಾಳಿ ಕುಡಿದು ಅವನ ಮೂಗು ಆ ವಾಸನೆಯನ್ನೇ ಮರೆತುಬಿಟ್ಟಿತ್ತು. ಸೀಮೆಗೆಲ್ಲ ಹೆಸರಾದ ಮೂಗು.

"ಹೇಗಿದೆ ಪುಟ್ಟಿ?"

ವ್ಯಾನಿನ ಜನ ಸುತ್ತ ನಿಂತಿದ್ದರು. ಸೋಲಾಂಜ್ ಪೀಪಾಯಿ ನೋಡಿದಳು.

"ಇದಕ್ಕೆ ಕಾಯ್ಬೇಕು ಯಜಮಾನ್ರೇ."

ಅವಳೊಬ್ಬಳೇ ಅಲ್ಲ. ಪೀಪಾಯಿ ಮಾಡುವವನು ಅದನ್ನೇ ಹೇಳಿದ. ಪಕ್ಕದ ತೋಟದವನು ಹೇಳಿದ. ಬೋನ್‌ನ ಹೋಟೆಲಿನವರು ಅದನ್ನು ಹೇಳಿ, ಆಮೇಲೆ ಆರ್ಡರು ಮಾಡುವುದನ್ನೇ ನಿಲ್ಲಿಸಿದರು. ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ತಯಾರಿಲ್ಲ. ಬ್ಲೇಜ್ ಮಾಡಿದ್ದೇನು ಗೊತ್ತೇ? ಕಾದ. ಎಲ್ಲರ ಮಾತನ್ನೂ ಒಳ್ಳೆಯ ಅರ್ಥದಲ್ಲೇ ತೆಗೆದುಕೊಂಡು, ಆ ಬಾಟಲಿಗಳನ್ನು ಮಾರದೆ ಅದೇ ತೊಲೆಗಳ ಮೇಲೆ ಜೋಡಿಸಿಟ್ಟ. "ರುಚಿ ನೋಡಿದವರೆಲ್ಲ ಕಾಯ್ಬೇಕು ಅಂತಿದಾರೆ. ನನ್ನ ಜೀವಮಾನದ ವೈನು ಇದೇ ಇರ್ಬೇಕು ಕಣೇ" ಎಂದು ಹೆಂಡತಿ ಓಡಿಲ್‌ಗೆ ಹೇಳಿದ. ಸೋಲಾಂಜಳ ಮುಂದೆಯೂ ಹೇಳಿದ. ಅವಳು ಮುಂದಿನ ಮಂಗಳವಾರವೂ ಪೀಪಾಯಿ ನೋಡಿದಳು, ಅದರ ಮುಂದಿನ ಮಂಗಳವಾರವೂ.

ಹೀಗೇ ಎರಡು ವರ್ಷ ಕಳೆದು ಈಸ್ಟರ್ ಹತ್ತಿರ ಬಂದಾಗ ಎರಡು ಫೋನು ಒಂದೇ ದಿನ ಬಂದವು. ಮೊದಲನೆಯದು ಅವಳಿಗೆ ಜನರನ್ನು ಕಳಿಸುವ ಪ್ರವಾಸದ ಕಂಪನಿಯಿಂದ: ಬಂದವರು ದೂರುತ್ತಿದ್ದಾರೆ, ಗಾರೋ ಮನೆ ಬಿಟ್ಟುಬಿಡಿ. ಎರಡನೆಯದು ಬ್ಲೇಜ್‌ದು. ಹೋದ ವರ್ಷ ಬೆಳೆ ಭರ್ತಿಯಾಗಿ ಪೀಪಾಯಿ ಸಾಲದೆ ಅವನ ಹೊಸ ವೈನೆಲ್ಲ ಮೇಲಿನ ಕೊಟ್ಟಿಗೆಯ ಉಕ್ಕಿನ ತೊಟ್ಟಿಗಳಲ್ಲೇ ಇತ್ತು.

"ಪೀಪಾಯಿ ಬಂತು ಪುಟ್ಟಿ. ಹಬ್ಬಕ್ಕೆ ಲಿಯೋಂಗೆ ಮಗಳ ಮನೆಗೆ ಹೋಗ್ತಿದೀವಿ, ನಾಲ್ಕು ದಿನ. ವಾಪಸ್ ಬಂದು ಗುರುವಾರ ಎಲ್ಲಾ ಕೆಳಗಿಳಿಸ್ತೀನಿ."

ಕೆಳಗಿಳಿಸಿದರೆ ಅದೂ ಹೋಯಿತು. ಮೂರನೆಯ ವರ್ಷದ ಬೆಳೆಯೂ ಹೋದರೆ ಗಾರೋ ಹೆಸರು ಉಳಿಯುವುದಿಲ್ಲ, ತೋಟವೂ ಉಳಿಯುವುದಿಲ್ಲ. ಸೋಲಾಂಜ್ ಫೋನು ಹಿಡಿದೇ ಲೆಕ್ಕ ಹಾಕಿದಳು: ನಾಲ್ಕು ದಿನ ನೆಲಮಾಳಿಗೆಯಿಂದ ದೂರ ಇದ್ದರೆ ಆ ಮೂಗು ತೊಳೆದಿಟ್ಟ ಹಾಗಾಗುತ್ತದೆ.

"ಬರುವಾಗ ಸೋಮವಾರ ನಮ್ಮನೇಲಿ ಊಟ ಮಾಡ್ಕೊಂಡು ಹೋಗಿ ಯಜಮಾನ್ರೇ. ಕಾಲುಚೀಲದ ಆಟ ಆಡಿ ಎಷ್ಟು ದಿನ ಆಯ್ತು."

ಕಾಲುಚೀಲದ ಆಟವೆಂದರೆ ಬಾಟಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಚೀಟಿ ಕಾಣದಂತೆ ಮಾಡಿ, ಯಾರ ವೈನು, ಯಾವ ವರ್ಷದ್ದು ಎಂದು ಊಹಿಸುವುದು. ಬ್ಲೇಜ್‌ಗೆ ಅದೆಂದರೆ ಪ್ರಾಣ. ಸೋಮವಾರ ಬಂದವನೇ ಟೋಪಿ ತೆಗೆದು, ತೋಳು ಮಡಚಿ ಕೂತ. ಸೋಲಾಂಜ್ ಪಾರ್ಸ್ಲಿ ಸೊಪ್ಪಿನಲ್ಲಿ ಗಟ್ಟಿ ಮಾಡಿದ ಹಂದಿಮಾಂಸ ಬಡಿಸಿದಳು, ಆಮೇಲೆ ಕೆಂಪು ವೈನಿನ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ. ಮೊದಲ ಕಾಲುಚೀಲವನ್ನು ಬ್ಲೇಜ್ ವರ್ಷದ ಸಮೇತ ಹೇಳಿದ. ಎರಡನೆಯದರ ಊರು ಹೇಳಿ, "ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು" ಎಂದೂ ಸೇರಿಸಿದ.

"ಮುದುಕಂಗೆ ಮೊಮ್ಮಕ್ಕಳ ಹುಟ್ಟಿದಬ್ಬ ನೆನಪಿರಲ್ಲ, ಇದು ನೋಡು" ಅಂದಳು ಓಡಿಲ್.

ಮೂರನೆಯದನ್ನು ಸೋಲಾಂಜ್ ಸುರಿದಳು. ಬ್ಲೇಜ್ ಮೂಗಿಗೆ ಹಿಡಿದ. ಗ್ಲಾಸು ಕೆಳಗಿಟ್ಟ. ಮತ್ತೆ ಎತ್ತಿ ಮೂಸಿದ. ಆಮೇಲೆ ಮೇಜಿನ ಬಟ್ಟೆಯ ಹೂವುಗಳನ್ನು ನೋಡುತ್ತಾ, "ಇದಕ್ಕೆ ಕಾಯ್ಬೇಕು" ಅಂದ.

"ಬಟ್ಟೆ ನೋಡ್ಕೊಂಡು ಹೇಳ್ತಿದೀರಲ್ಲ ಯಜಮಾನ್ರೇ."

"ತೋಟ ಇಟ್ಟಿರೋ ನಿನ್ನ ಭಾವ ಮಾಡಿದ್ದಿರಬೇಕು. ಊಟ ಹಾಕಿದ ಮನೇಲಿ ನಂಗ್ಯಾಕೆ ಜಗಳ."

"ಭಾವಂದಲ್ಲ. ಮೂಗು ಏನು ಹೇಳುತ್ತೆ ಹೇಳಿ."

"ಮೂಗು ಕೇಳ್ತೀಯಾ? ಮುಗ್ಗಲು. ಬೂಚಿಂದಲ್ಲ ಇದು, ಮನೆಗೇ ಹಿಡಿದಿದೆ. ನೆಲಮಾಳಿಗೇಲಿ ಎಲ್ಲೋ ಕೆಟ್ಟ ಮರ ಸೇರ್ಕೊಂಡಿದೆ. ಇಂಥದ್ದು ಇನ್ನೊಂದು ನೋಡಿದೀನಿ ನಾನು, ಹಳೇ ಕಾಲದಲ್ಲಿ. ಪಾಪ, ಆ ಮನುಷ್ಯಂಗೆ ಗೊತ್ತೇ ಆಗಿರಲ್ಲ, ಅದರೊಳಗೇ ಇರ್ತಾನಲ್ಲ." ಇನ್ನೊಮ್ಮೆ ಮೂಸಿದ. "ಆ ವಾಸನೆ ಕೆಳಗೆ ಹಣ್ಣು ಮಾತ್ರ ಚೆನ್ನಾಗಿತ್ತು ಕಣೇ. ಕೆಲಸ ಗೊತ್ತಿರೋನು. ಯಾರಾದ್ರೂ ಹೇಳಿದಾರಾ ಅವನಿಗೆ?"

"ಇಲ್ಲ."

"ಸ್ನೇಹಿತ್ರು ಯಾರೂ ಇಲ್ವಾ ಅವನಿಗೆ?"

ಸೋಲಾಂಜ್ ಕೈ ಚಾಚಿ ಕಾಲುಚೀಲ ಕೆಳಗೆಳೆದಳು. ಬಾಟಲಿಯ ಚೀಟಿಯ ಮೇಲೆ ಗಾರೋ ಮನೆಯ ಅಕ್ರೋಟಿನ ಮರ, ಬ್ಲೇಜ್‌ನ ಅಪ್ಪ ಬರೆದ ಚಿತ್ರ.

ಬ್ಲೇಜ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ತಾನೇ ಅಂಟಿಸಿದ ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ.

"ಎಷ್ಟು ದಿನದಿಂದ ಗೊತ್ತು?"

"ಎರಡು ವರ್ಷ."

"ಎರಡು ವರ್ಷ ಮಂಗಳವಾರ ಮಂಗಳವಾರ ಜನಾನ ಕರ್ಕೊಂಡು ಬಂದೆ."

"ಬಂದೆ."

"ಅವರ ಮುಂದೆ ಕಾಯ್ಬೇಕು ಅಂದೆ."

"ಅಂದೆ ಯಜಮಾನ್ರೇ."

"ನಾನು ಕಾದೆ" ಅಂದ ಬ್ಲೇಜ್.

ಆಮೇಲೆ ಹೆಂಡತಿಯ ಕಡೆ ತಿರುಗಿದ. ಓಡಿಲ್ ತಟ್ಟೆ ನೋಡುತ್ತಿದ್ದಳು.

"ನಿಂಗೂ ಗೊತ್ತಿತ್ತಾ?"

"ಅಡುಗೆಗೆ ಅಂಗಡಿ ವೈನ್ ತರ್ತಿದ್ದೆ. ನಮ್ಮದು ಹಾಕಿದ್ರೆ ಮೊಟ್ಟೆ ತಿನ್ನೋಕೆ ಆಗ್ತಿರಲಿಲ್ಲ."

"ಅದನ್ನ ತಿಂದು, ನಮ್ಮ ವೈನಿನ ರುಚಿ ಅಂತ ನಾನು ಎಷ್ಟು ಹೊಗಳಿದೆ."

"ಹೊಗಳಿದ್ರಿ."

ಬ್ಲೇಜ್ ಕರವಸ್ತ್ರ ಮಡಚಿಟ್ಟು, ಟೋಪಿ ಹಾಕಿಕೊಂಡು ಎದ್ದ. ಊಟದ ಕೊನೆಗೆ ಬರುವ ಚೀಸಿನ ತಟ್ಟೆ ಮುಟ್ಟದೆ ಉಳಿಯಿತು. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಬಾಗಿಲಲ್ಲಿ ನಿಂತು, "ಊಟಕ್ಕೆ ಉಪಕಾರ ಮದಾಂ ಮೊರಿಝೋ" ಅಂದ. ನಲವತ್ತನಾಲ್ಕು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವರಿಬ್ಬರೂ ಹೋದ ಮೇಲೆ ಸೋಲಾಂಜ್ ಅಡುಗೆಮನೆಯಲ್ಲಿ ಕೂತು ಅತ್ತಳು. ಹೇಳಿದ್ದಕ್ಕಲ್ಲ, ಎರಡು ವರ್ಷ ಹೇಳದೆ ಇದ್ದದ್ದಕ್ಕೆ.

ಹೊಸ ವೈನು ಕೆಳಗಿಳಿಯಲಿಲ್ಲ. ಅದು ಪಕ್ಕದ ಹಳ್ಳಿಯಲ್ಲಿದ್ದ ಅವನ ತಂಗಿಯ ಮಗನ ನೆಲಮಾಳಿಗೆ ಸೇರಿತು. ತೊಲೆಗಳನ್ನು ಕಿತ್ತು ಲಾರಿಗೆ ಹೇರಿದರು, ಗೋಡೆಗಳನ್ನು ಕೆರೆದು ಸುಣ್ಣ ಬಳಿದರು. ಎಂಟು ಸಾವಿರ ಬಾಟಲಿಗಳ ಬೂಚು ಕಿತ್ತು, ಭಟ್ಟಿ ಇಳಿಸುವವನಿಗೆ ಸುರಿದುಕೊಟ್ಟರು. ಇದೆಲ್ಲ ಸೋಲಾಂಜಳಿಗೆ ಓಡಿಲ್ ಸಂತೆಯಲ್ಲಿ ಸಿಕ್ಕಾಗ ಹೇಳಿದ್ದು. ಬ್ಲೇಜ್ ಫೋನು ಎತ್ತಲಿಲ್ಲ. ಒಂದು ವರ್ಷ ಪೂರ್ತಿ, ಮಂಗಳವಾರ ಹತ್ತೂವರೆಗೆ, ವ್ಯಾನು ಗಾರೋ ಗೇಟನ್ನು ದಾಟಿ ಮುಂದೆ ಹೋಯಿತು. ಅಲ್ಲಿ ಅವಳು ಗೇರು ಬದಲಿಸುವ ನೆಪದಲ್ಲಿ ಕೆಳಗೆ ನೋಡುತ್ತಿದ್ದಳು.

ಮರುವರ್ಷ ಏಪ್ರಿಲಿನಲ್ಲಿ ಒಂದು ಮಂಗಳವಾರ, ರಸ್ತೆಯ ನಟ್ಟನಡುವೆ ಬ್ಲೇಜ್ ನಿಂತಿದ್ದ. ಕೈಯಲ್ಲಿ ಗ್ಲಾಸು, ಅದರಲ್ಲಿ ಎರಡು ಬೆರಳಷ್ಟು ಕೆಂಪು ವೈನು. ಸೋಲಾಂಜ್ ಬ್ರೇಕು ಹಾಕಿ ಗಾಜು ಇಳಿಸಿದಳು. ವ್ಯಾನಿನಲ್ಲಿದ್ದ ಆರು ಜನ ಡೆನ್ಮಾರ್ಕಿನವರು, ಇದೂ ಪ್ರವಾಸದ ಭಾಗವೆಂದು ತಿಳಿದು ಕ್ಯಾಮೆರಾ ತೆಗೆದರು.

ಬ್ಲೇಜ್ ಗ್ಲಾಸನ್ನು ಕಿಟಕಿಯೊಳಗೆ ಚಾಚಿದ. "ಹೊಸದು. ನನ್ನ ಮೂಗನ್ನ ಈಗ ನಾನೇ ನಂಬಲ್ಲ. ಹೇಳು."

ಸೋಲಾಂಜ್ ಮೂಸಿದಳು, ಬಾಯಿಗೆ ಹಾಕಿಕೊಂಡಳು, ಕಿಟಕಿಯಿಂದ ತಲೆ ಹೊರಗೆ ಹಾಕಿ ಮೋರಿಗೆ ಉಗುಳಿದಳು. ಮುಗ್ಗಲಿನ ಸುಳಿವೂ ಇರಲಿಲ್ಲ. ಹುಳಿ ಇತ್ತು, ಒರಟಿತ್ತು, ಅಡಿಯಲ್ಲಿ ಒಳ್ಳೆಯ ಹಣ್ಣಿತ್ತು. ಹೇಳಬೇಕಾದ ನಿಜ ಒಂದೇ, ಅದಕ್ಕೆ ಅವಳಿಗೆ ಗೊತ್ತಿದ್ದ ಮಾತೂ ಒಂದೇ. ಆ ಮಾತನ್ನು ಅವಳೇ ಕೆಡಿಸಿ ಇಟ್ಟಿದ್ದಳು. ಬೇರೆ ಮಾತಿಗೆ ಹುಡುಕಿದಳು, ಸಿಗಲಿಲ್ಲ.

ಅವನ ಕಣ್ಣನ್ನೇ ನೋಡಿಕೊಂಡು, "ಇದಕ್ಕೆ ಕಾಯ್ಬೇಕು" ಅಂದಳು.

ಬ್ಲೇಜ್ ಕದಲಲಿಲ್ಲ. "ಯಾವ ಕಾಯೋದು, ಪುಟ್ಟಿ?"

"ಮೂರು ವರ್ಷ ಕಾಯೋದು. ಈಗ ಹುಳಿ, ನಾಲಿಗೆ ಹಿಂಡುತ್ತೆ. ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ. ಮುಗ್ಗಲಿಲ್ಲ. ಆಣೆ."

"ಮೂರು ವರ್ಷ ಅಂದ್ರೆ ನಂಗೆ ಎಪ್ಪತ್ತೇಳು."

"ಹೌದು."

ಅವನು ಗ್ಲಾಸು ವಾಪಸ್ ತೆಗೆದುಕೊಂಡು, ಉಳಿದದ್ದನ್ನು ತಾನು ಕುಡಿದು, ಹೋಗಿ ಗೇಟಿನ ಎರಡು ಬಾಗಿಲನ್ನೂ ತೆರೆದ. ಅಲ್ಲಿಂದಲೇ ಕೂಗಿ ಕೇಳಿದ.

"ಎಷ್ಟು ಗ್ಲಾಸು ಇಡ್ಲಿ?"

"ಆರು ಜನ ಇದಾರೆ ಯಜಮಾನ್ರೇ."

"ಹಾಗಾದ್ರೆ ಏಳು. ನಿಂಗೆ ಬಕೆಟ್ಟೂ ಇಡ್ತೀನಿ."